ಎಲೆಯ ಆಕಾರ ಮೊದಲೋ, ನರ ಮೊದಲೋ?

ಹಲಸಿನ ಎಲೆ ಅಂದರೆ ದಪ್ಪಗೆ, ನುಣುಪಾಗಿ, ಅಂಚಿನಲ್ಲಿ ಒಂದು ಕಚ್ಚೂ ಇಲ್ಲದೆ ಇರುತ್ತದೆ ಅಲ್ವಾ? ಬೀಜ ಮೊಳೆತು ಎದ್ದ ಎಳೆ ಗಿಡವನ್ನು ಒಮ್ಮೆ ನೋಡಿ. ಅದರ ಕೆಲವು ಎಲೆಗಳು ಮೂರು ಹೋಳಾಗಿ ಸೀಳಿಕೊಂಡಿರುತ್ತವೆ. ಗಿಡ ದೊಡ್ಡದಾದಂತೆ ಆ ಸೀಳು ಕಾಣೆಯಾಗುತ್ತದೆ. ಓಕ್ ಮರದಲ್ಲಂತೂ ಎರಡು ಬಗೆಯ ಎಲೆಗಳನ್ನು ಒಂದೇ ದಿನ ಕಾಣಬಹುದು. ತುದಿಯಲ್ಲಿ ಬಿಸಿಲು ಕಾಯುವ ಎಲೆಗಳು ಚಿಕ್ಕವು, ದಪ್ಪನೆಯವು, ಆಳವಾಗಿ ಸೀಳಿದವು. ಒಳಗೆ ನೆರಳಿನಲ್ಲಿರುವ ಎಲೆಗಳು ಅಗಲ, ತೆಳು. ಗಿಡ ಒಂದೇ, ಜೀನ್‌ಗಳೂ ಅವೇ. ಆದರೂ ಆಕಾರ ಬೇರೆ. ಅಂದರೆ ಎಲೆ ಹೇಗಿರಬೇಕು ಅನ್ನುವುದು ಅದು ಬೆಳೆಯುವಾಗಲೂ ತೀರ್ಮಾನವಾಗುತ್ತಿರುತ್ತದೆ.

ಎಲೆಗೆ ಬೆಳಕು ಬೇಕು, ಹಾಗಾಗಿ ಅಗಲವಾಗಿದ್ದಷ್ಟೂ ಒಳ್ಳೆಯದು ಅನಿಸಬಹುದು. ಆದರೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳಲು ಪತ್ರರಂಧ್ರ ತೆರೆಯಲೇಬೇಕು. ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಇದರ ಜೊತೆಗೆ ಬಿಸಿಯ ಕಾಟ ಬೇರೆ. ಪ್ರತಿ ಎಲೆಯ ಮೈಗೂ ಅಂಟಿಕೊಂಡಂತೆ ಅಲುಗಾಡದ ಗಾಳಿಯ ಒಂದು ತೆಳು ಪದರ ಇರುತ್ತದೆ. ಎಲೆ ಅಗಲವಾದಷ್ಟೂ ಆ ಪದರ ದಪ್ಪವಾಗುತ್ತದೆ, ಎಲೆಯ ಶಾಖ ಹೊರಗಿನ ಗಾಳಿಗೆ ಸೇರುವುದು ನಿಧಾನವಾಗುತ್ತದೆ. ಹುಣಸೆಯ ಹಾಗೆ ಎಲೆ ಸಣ್ಣ ಸಣ್ಣ ಕಿರುಎಲೆಗಳಾಗಿ ಒಡೆದಿದ್ದರೆ ಗಾಳಿ ಸುಲಭವಾಗಿ ಶಾಖವನ್ನು ಹೊತ್ತೊಯ್ಯುತ್ತದೆ. ಬಿಸಿಲು ಜಾಸ್ತಿ, ನೀರು ಕಡಿಮೆ ಇರುವ ಕಡೆ ಚಿಕ್ಕ ಎಲೆಗಳೇ ಹೆಚ್ಚಾಗಿರುವುದು ಇದಕ್ಕೇ.

2017ರಲ್ಲಿ ಇಯಾನ್ ರೈಟ್ ಮತ್ತು ಸಂಗಡಿಗರು ಜಗತ್ತಿನ 7,670 ಜಾತಿಯ ಗಿಡಮರಗಳ ಎಲೆ ಗಾತ್ರವನ್ನು ಹವಾಮಾನದ ಜೊತೆ ಹೋಲಿಸಿ ನೋಡಿದರು. ಅಲ್ಲಿಯವರೆಗೆ ಎಲ್ಲರ ಗಮನ ಹಗಲಿನ ಬಿಸಿಯ ಮೇಲಿತ್ತು. ಆದರೆ ಭೂಮಿಯ ಬಹುಪಾಲು ಕಡೆ ಎಲೆ ತೀರಾ ದೊಡ್ಡದಾಗದಂತೆ ತಡೆಯುವುದು ರಾತ್ರಿಯ ಚಳಿ ಎಂದು ಅವರ ಲೆಕ್ಕ ತೋರಿಸಿತು. ತಿಳಿ ಆಕಾಶದ ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಸೂಸುತ್ತದೆ. ಸುತ್ತಲಿನ ಗಾಳಿಯಿಂದ ಸ್ವಲ್ಪ ಬಿಸಿ ವಾಪಸ್ ಪಡೆಯೋಣ ಅಂದರೆ ದೊಡ್ಡ ಎಲೆಗೆ ಅದೇ ದಪ್ಪ ಪದರ ಅಡ್ಡ. ಎಲೆ ಗಾಳಿಗಿಂತಲೂ ತಣ್ಣಗಾಗಿ ಹೆಪ್ಪುಗಟ್ಟುವ ಅಪಾಯವಿದೆ. ಹಗಲು ಬೇಯಿಸುವ ಪದರವೇ ರಾತ್ರಿ ಕೊರೆಯುವಂತೆ ಮಾಡುತ್ತದೆ ಅನ್ನುವ ಈ ವಿಷಯ ನನಗೆ ತುಂಬಾ ಇಷ್ಟ.

ಗಾಳಿ, ಮಳೆಗೂ ಪಾಲಿದೆ. ಅರಳಿ ಎಲೆಯ ಬಾಲದಂಥ ಉದ್ದ ತುದಿಯಿಂದ ನೀರು ಬೇಗ ಜಾರಿ ಹೋಗುತ್ತದೆ. ಮಳೆಕಾಡುಗಳಲ್ಲಿ ಇಂಥ ತುದಿಗಳು ಬಹಳ. ಬಾಳೆ ಎಲೆ ಜೋರು ಗಾಳಿಗೆ ಹರಿದರೂ ನರಗಳ ನಡುವೆ ಹರಿಯುತ್ತದೆ, ಆದ್ದರಿಂದ ಉಳಿದ ಪಟ್ಟಿಗಳು ಕೆಲಸ ಮಾಡುತ್ತಲೇ ಇರುತ್ತವೆ.

ಹಾಗಂತ ಪ್ರತಿ ಕಚ್ಚಿಗೂ, ಪ್ರತಿ ಮೊನೆಗೂ ಒಂದು ಉಪಯೋಗ ಹುಡುಕುತ್ತಾ ಹೋಗುವುದು ಸರಿಯಲ್ಲ. ಒಂದೇ ಕಾಡಿನಲ್ಲಿ, ಅದೇ ಬಿಸಿಲು ಮಳೆಗೆ ಹತ್ತಾರು ಆಕಾರದ ಎಲೆಗಳು ಪಕ್ಕಪಕ್ಕದಲ್ಲೇ ಚೆನ್ನಾಗಿ ಬದುಕುತ್ತವೆ. ಗಿಡ ಯಾವ ಕುಲದಿಂದ ಬಂತು, ಎಲೆ ಚಿಗುರಿನಲ್ಲಿ ಹೇಗೆ ಬೆಳೆಯಿತು ಅನ್ನುವುದೂ ಅಷ್ಟೇ ಮುಖ್ಯ.

ಇನ್ನು ನರಗಳು. ಅವು ನೀರು ತರುತ್ತವೆ, ಎಲೆ ತಯಾರಿಸಿದ ಸಕ್ಕರೆಯನ್ನು ಮರಕ್ಕೆ ಸಾಗಿಸುತ್ತವೆ, ಜೊತೆಗೆ ತೆಳ್ಳನೆಯ ಎಲೆ ಜೋತು ಬೀಳದಂತೆ ಹಿಡಿದಿರುತ್ತವೆ. ಗಿಂಕ್ಗೊ ತೀರಾ ಹಳೆಯ ಕುಲದ ಮರ. ಅದರ ಬೀಸಣಿಗೆಯಂಥ ಎಲೆಯಲ್ಲಿ ನರ ಎರಡಾಗಿ ಕವಲೊಡೆಯುತ್ತದೆ, ಮತ್ತೆ ಎರಡಾಗುತ್ತದೆ, ಕವಲುಗಳು ಹೆಚ್ಚುಕಡಿಮೆ ಎಲ್ಲೂ ಕೂಡಿಕೊಳ್ಳುವುದಿಲ್ಲ. ಮಾವು, ನಿಂಬೆಯಂಥ ಎಲೆಗಳಲ್ಲಿ ನರಗಳು ಮತ್ತೆ ಮತ್ತೆ ಒಂದಕ್ಕೊಂದು ಸೇರಿ ಬಲೆಯಾಗುತ್ತವೆ. ಇಷ್ಟೊಂದು ಜೋಡಣೆ ಯಾಕೆ? ಸುಮ್ನೆ ನೀರು ಹಂಚುವುದಕ್ಕಾದರೆ ಕವಲು ಸಾಕು, ಖರ್ಚೂ ಕಡಿಮೆ.

ಎಲೆನಿ ಕಟಿಫೋರಿ ಮತ್ತು ಜೊತೆಯವರು 2010ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಎಲೆಗೆ ಏಟು ಬೀಳುತ್ತದೆ, ನೀರಿನ ಬೇಡಿಕೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ ಎಂದು ಲೆಕ್ಕಕ್ಕೆ ಸೇರಿಸಿದರೆ ಬಲೆಯೇ ಲಾಭದ ವಿನ್ಯಾಸ. ಇದನ್ನು ಕಣ್ಣಾರೆ ನೋಡುವಂತೆಯೂ ಮಾಡಿದರು. ನಿಂಬೆ ಎಲೆಯ ನಡುನರದಲ್ಲೇ ತೂತು ಮಾಡಿ, ತೊಟ್ಟಿನಿಂದ ಹೊಳೆಯುವ ಬಣ್ಣ ಹರಿಸಿದರು. ಬಣ್ಣ ತೂತಿನ ಹತ್ತಿರ ಬಂದು ಪಕ್ಕದ ಸಣ್ಣ ನರಗಳಿಗೆ ನುಗ್ಗಿ, ತೂತನ್ನು ಬಳಸಿಕೊಂಡು ಹೋಗಿ ಆಚೆ ಕಡೆಯನ್ನೂ ತುಂಬಿತು. ಗಿಂಕ್ಗೊ ಎಲೆಯಲ್ಲಿ ತೂತಿನ ಆಚೆಗೆ ಬಣ್ಣ ದಾಟಲಿಲ್ಲ. ಹುಳು ಕಡಿದ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುವುದು ಹೇಗೆ ಅಂತ ಇದರಿಂದ ಗೊತ್ತಾಗುತ್ತದೆ.

ಈಗ ಮೊದಲಿನ ಪ್ರಶ್ನೆ. ಎಲೆ ಮೊದಲು ತನ್ನ ಆಕಾರಕ್ಕೆ ಬಂದು, ಆಮೇಲೆ ಒಳಗೆ ನರ ಹರಡಿಕೊಳ್ಳುತ್ತದೆಯೇ? ಹಾಗಲ್ಲ. ಎರಡೂ ಒಟ್ಟಿಗೇ ಹುಟ್ಟುತ್ತವೆ, ಎರಡರ ಹಿಂದೆಯೂ ಆಕ್ಸಿನ್ ಎಂಬ ಒಂದೇ ಹಾರ್ಮೋನ್ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಎಳೆ ಎಲೆಯ ಅಂಚಿನಲ್ಲಿ ಕೆಲವೆಡೆ ಆಕ್ಸಿನ್ ಒಟ್ಟಾಗುತ್ತದೆ. ಆ ಜಾಗ ಮುಂದಕ್ಕೆ ಉಬ್ಬಿ ಹಲ್ಲು ಅಥವಾ ಹೋಳು ಆಗುತ್ತದೆ. ಅಲ್ಲಿಂದ ಆಕ್ಸಿನ್ ಒಳಗಡೆಗೆ ಇಳಿಯುತ್ತದೆ. ಇಳಿಜಾರಿನಲ್ಲಿ ನೀರು ಹರಿದಷ್ಟೂ ಕಾಲುವೆ ಆಳವಾಗುವ ಹಾಗೆ, ಅದು ಹೆಚ್ಚು ಹರಿದ ದಾರಿಯ ಕೋಶಗಳು ಇನ್ನೂ ಹೆಚ್ಚು ಸಾಗಿಸುವಂತಾಗಿ ಕೊನೆಗೆ ಅದೇ ನರವಾಗುತ್ತದೆ. ತ್ಸ್ವಿ ಸಾಕ್ಸ್ ಎಂಬ ವಿಜ್ಞಾನಿ 1960ರ ದಶಕದ ಕೊನೆಯಿಂದಲೇ ಈ ವಿಚಾರವನ್ನು ಮುಂದಿಟ್ಟಿದ್ದರು. ಗರಗಸದಂಥ ಅಂಚಿನ ಎಲೆಯಲ್ಲಿ ಹಲ್ಲುಗಳತ್ತ ನರಗಳು ಹೋಗಿರುವುದನ್ನು ನೀವೇ ನೋಡಬಹುದು.

ಎರಡು ಉಬ್ಬುಗಳ ನಡುವೆ ಬೆಳವಣಿಗೆಯನ್ನು ತಡೆದರೆ ಸೀಳು ಆಳವಾಗುತ್ತದೆ. ಸಾಸಿವೆ ಕುಟುಂಬದ ಕಾರ್ಡಮೈನ್ ಎಂಬ ಸಣ್ಣ ಕಳೆಗಿಡದಲ್ಲಿ ಈ ತಡೆಯುವ ಕೆಲಸ ಮಾಡುವುದು ಆರ್‌ಸಿಒ ಎಂಬ ಜೀನ್. ಅದರ ಎಲೆ ಹಲವು ಕಿರುಎಲೆಗಳಾಗಿ ಒಡೆದಿರುತ್ತದೆ. ಅದರ ನೆಂಟ ಅರಾಬಿಡಾಪ್ಸಿಸ್ ಈ ಜೀನನ್ನು ಕಳೆದುಕೊಂಡಿದೆ, ಅದರ ಎಲೆ ಒಂದೇ ಹಾಳೆ. 2014ರಲ್ಲಿ ವಿಜ್ಞಾನಿಗಳು ಆ ಜೀನನ್ನು ಅರಾಬಿಡಾಪ್ಸಿಸ್‌ಗೆ ಸೇರಿಸಿದಾಗ ಅದರ ಎಲೆಯ ಅಂಚೂ ಕಚ್ಚುಕಚ್ಚಾಯಿತು. ಒಂದು ಜೀನ್‌ನಿಂದ ಇಷ್ಟು ವ್ಯತ್ಯಾಸ!

ನರಗಳೂ ಎಲ್ಲ ಒಂದೇ ಸಲ ಮೂಡುವುದಿಲ್ಲ. ದೊಡ್ಡ ನರಗಳು ಎಲೆ ಇನ್ನೂ ಪುಟ್ಟದಾಗಿದ್ದಾಗಲೇ ಮೂಡಿ ಮುಗಿದಿರುತ್ತವೆ. ಆಮೇಲೆ ಎಲೆ ಹಿಗ್ಗಿದಂತೆ ಅವು ದೂರ ದೂರ ಸರಿಯುತ್ತವೆ. ನಡುವಿನ ಜಾಗವನ್ನು ಸಣ್ಣ ನರಗಳು ತುಂಬುತ್ತವೆ. ಹಾಗಾಗಿ ದೊಡ್ಡ ಎಲೆಯಲ್ಲಿ ದೊಡ್ಡ ನರಗಳು ವಿರಳ, ಚಿಕ್ಕ ಎಲೆಯಲ್ಲಿ ಒತ್ತೊತ್ತು. ಬರಗಾಲದಲ್ಲಿ ನರದೊಳಗೆ ಗಾಳಿಗುಳ್ಳೆ ಸಿಕ್ಕಿ ನೀರು ನಿಂತರೆ ಚಿಕ್ಕ ಎಲೆಗೆ ಬೇರೆ ದಾರಿಗಳು ಹತ್ತಿರದಲ್ಲೇ ಇರುತ್ತವೆ. ಲಾರೆನ್ ಸ್ಯಾಕ್ ಮತ್ತು ಸಂಗಡಿಗರು 2012ರಲ್ಲಿ ಈ ಸಂಬಂಧವನ್ನು ಪಳೆಯುಳಿಕೆಗಳಿಗೆ ಅನ್ವಯಿಸುವ ದಾರಿ ತೋರಿಸಿದರು. ತುದಿ, ಅಂಚು, ತೊಟ್ಟು ಯಾವುದೂ ಉಳಿಯದ ಒಂದು ಚೂರು ಸಿಕ್ಕರೂ ಅದರಲ್ಲಿ ದೊಡ್ಡ ನರಗಳು ಎಷ್ಟು ಒತ್ತಾಗಿವೆ ಅಂತ ಅಳೆಯಬಹುದು. ಅದರಿಂದ ಪೂರ್ತಿ ಎಲೆ ಎಷ್ಟು ದೊಡ್ಡದಿತ್ತು ಅನ್ನುವ ಅಂದಾಜು ಸಿಗುತ್ತದೆ, ಎಲೆಯ ಗಾತ್ರದಿಂದ ಆ ಕಾಲದ ಮಳೆಯ ಅಂದಾಜೂ ಸಿಗುತ್ತದೆ.