ಲೆಕ್ಕಕ್ಕೆ ಸಿಗದ ಪೆಟ್ಟುಗಳು

ಮೈಕ್ ವೆಬ್‌ಸ್ಟರ್ ಅಮೆರಿಕನ್ ಫುಟ್ಬಾಲ್‌ನಲ್ಲಿ 17 ಸೀಸನ್ ಆಡಿದರು. ಒಟ್ಟು 245 ಪಂದ್ಯ. ಆದರೂ ಟಿವಿ ಮುಂದೆ ಕೂತವರ ಕಣ್ಣು ಅವರ ಮೇಲೆ ನಿಲ್ಲುತ್ತಿದ್ದುದು ಅಪರೂಪ. ಚೆಂಡು ಹಿಡಿದು ಓಡುವ ಆಟಗಾರ ಅವರಲ್ಲ. ಅವರು ಸೆಂಟರ್, ಅಂದರೆ ಎದುರಾಳಿಗೆ ಮುಖಾಮುಖಿ ನಿಲ್ಲುವ ಲೈನ್‌ಮನ್‌ಗಳ ಸಾಲಿನಲ್ಲಿ ನಟ್ಟನಡುವೆ ನಿಲ್ಲುವವರು.

ಅಮೆರಿಕನ್ ಫುಟ್ಬಾಲ್‌ನಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಎದುರಾಳಿಯ ಕಡೆಗೆ ನುಗ್ಗುತ್ತಾರೆ. ಕೆಲವೇ ಸೆಕೆಂಡು ನುಗ್ಗಾಟ, ಆಮೇಲೆ ನಿಲುಗಡೆ, ಮತ್ತೆ ನುಗ್ಗಾಟ. ಪ್ರತಿ ಸಲವೂ ಸೆಂಟರ್ ಬಗ್ಗಿ ಕೂತು, ನೆಲದ ಮೇಲಿನ ಚೆಂಡನ್ನು ಕಾಲ ಸಂದಿಯಿಂದ ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ದಾಟಿಸಬೇಕು. ಮರುಕ್ಷಣವೇ ಎದುರಿಂದ ನುಗ್ಗಿ ಬರುವ ದಢೂತಿ ಆಳಿಗೆ ಅಡ್ಡ ಬೀಳಬೇಕು. ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿಯುತ್ತದೆ. ಯಾರೂ ಕುಸಿದು ಬೀಳುವುದಿಲ್ಲ, ಸ್ಟ್ರೆಚರ್ ಬರುವುದಿಲ್ಲ. ಎದ್ದು ಮತ್ತೆ ಅದೇ ಜಾಗದಲ್ಲಿ ಬಗ್ಗಿ ಕೂರುತ್ತಾರೆ. ವೆಬ್‌ಸ್ಟರ್ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಪೆಟ್ಟು. ಯಾರೂ ಎಣಿಸದೆ ಬಿಟ್ಟಿದ್ದು ಇದನ್ನೇ.

ಅವರು ಹುಟ್ಟಿದ್ದು 1952ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಟೊಮಹಾಕ್ ಎಂಬ ಸಣ್ಣ ಊರಲ್ಲಿ. 1974ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಸೇರಿದರು. ಆ ತಂಡದ ಜೊತೆ ನಾಲ್ಕು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. ಚಳಿಯಲ್ಲೂ ತೋಳು ಬಿಟ್ಟುಕೊಂಡು ಆಡುತ್ತಿದ್ದ ಗಟ್ಟಿಗ. ಜನ ಪ್ರೀತಿಯಿಂದ 'ಐರನ್ ಮೈಕ್' ಅನ್ನುತ್ತಿದ್ದರು. ಕೊನೆಯ ಎರಡು ಸೀಸನ್ ಕ್ಯಾನ್ಸಾಸ್ ಸಿಟಿ ಚೀಫ್ಸ್‌ಗೆ ಆಡಿ ನಿವೃತ್ತರಾದರು. 1997ರಲ್ಲಿ ಆಟದ ದಿಗ್ಗಜರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವವೂ ಬಂತು.

ಆ ಹೊತ್ತಿಗೆ ಮನುಷ್ಯ ಒಳಗೊಳಗೇ ಕುಸಿದಿದ್ದರು. ಮರೆವು, ಗೊಂದಲ, ಇದ್ದಕ್ಕಿದ್ದಂತೆ ಸಿಟ್ಟು. ಕೈಯಲ್ಲಿದ್ದ ದುಡ್ಡು ಕರಗಿತು, ಸಂಸಾರ ಒಡೆಯಿತು. ಎಷ್ಟೋ ರಾತ್ರಿ ತಮ್ಮ ಟ್ರಕ್‌ನಲ್ಲೇ ಮಲಗಿದರು. ನೋವು ತಡೆಯಲಾರದೆ, ನಿದ್ದೆ ಬರಲೆಂದು ವಿದ್ಯುತ್ ಶಾಕ್ ಕೊಡುವ ಗನ್ನನ್ನು ತಮ್ಮ ಮೈಗೇ ಹಿಡಿಯುತ್ತಿದ್ದರಂತೆ. ಓದುವಾಗ ಕರುಳು ಕಿವುಚುತ್ತದೆ. 2002ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡರು. ವಯಸ್ಸು ಬರೀ 50.

ಸಾವಿಗೆ ಹೃದಯಾಘಾತ ಕಾರಣ ಅಂತಾಯಿತು. ಆದರೆ ಶವಪರೀಕ್ಷೆ ಮಾಡಿದ ಬೆನೆಟ್ ಒಮಾಲು ಅಲ್ಲಿಗೇ ಬಿಡಲಿಲ್ಲ. ನೈಜೀರಿಯಾದಿಂದ ಬಂದಿದ್ದ ಈ ಯುವ ವೈದ್ಯರಿಗೆ ಅಮೆರಿಕನ್ ಫುಟ್ಬಾಲ್ ಗೊತ್ತಿರಲಿಲ್ಲ. ಅವರು ವೆಬ್‌ಸ್ಟರ್ ಮಿದುಳನ್ನು ಕೈಗೆತ್ತಿಕೊಂಡಾಗ ಅದು ಹೊರಗಿಂದ ಸರಿಯಾಗೇ ಕಾಣುತ್ತಿತ್ತು. ಆದರೂ ಅದನ್ನು ಕೆಡದಂತೆ ಇಟ್ಟು, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. 50 ವರ್ಷದವರ ಮಿದುಳಲ್ಲಿ ಇರಬಾರದ ಟೌ ಪ್ರೋಟೀನಿನ ಗಂಟುಗಳು ಕಂಡವು.

ಟೌ ಕೆಟ್ಟದ್ದೇನಲ್ಲ. ನರಕೋಶಗಳ ಉದ್ದನೆಯ ಎಳೆಗಳೊಳಗೆ ಸಾಮಾನು ಸಾಗಿಸಲು ಸಣ್ಣ ಸಣ್ಣ ಕೊಳವೆಗಳಿವೆ. ಅವು ಬಿಚ್ಚಿಹೋಗದಂತೆ ಹಿಡಿದಿಡುವುದು ಟೌ ಕೆಲಸ. ಮಿದುಳು ಗಿಣ್ಣಿನ ಹಾಗೆ ಮೆತ್ತಗಿರುತ್ತದೆ, ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವ ತಲೆ ತಟ್ಟನೆ ನಿಂತರೆ ಅಥವಾ ಗಿರ್ರನೆ ತಿರುಗಿದರೆ ಒಳಗಿನ ಮಿದುಳು ಜಗ್ಗುತ್ತದೆ, ಎಳೆಗಳು ಹಿಗ್ಗುತ್ತವೆ. ಟೌ ಕಳಚಿಕೊಂಡು, ರೂಪ ಕೆಟ್ಟು, ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಈ ಗಂಟುಗಳು ಸೇರುತ್ತವೆ. ಜೋರು ಪೆಟ್ಟಿಗೆ ಬುರುಡೆ ಒಡೆಯದಂತೆ ಹೆಲ್ಮೆಟ್ ಕಾಯುತ್ತದೆ. ಒಳಗಿನ ಜಗ್ಗಾಟವನ್ನು ಅದು ಪೂರ್ತಿ ತಡೆಯಲಾರದು.

ಬಾಕ್ಸರ್‌ಗಳಲ್ಲಿ ಇಂಥದ್ದೊಂದು ಕಾಯಿಲೆ ಇದೆ ಅಂತ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ಬರೆದಿದ್ದರು. ಇದರ ಈಗಿನ ಹೆಸರು ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಚಿಕ್ಕದಾಗಿ ಸಿಟಿಇ. ಒಮಾಲು ಮತ್ತು ಸಂಗಡಿಗರು 2005ರಲ್ಲಿ ವೆಬ್‌ಸ್ಟರ್ ಪ್ರಕರಣವನ್ನು ಪ್ರಕಟಿಸಿದಾಗ, ವೃತ್ತಿಪರ ಲೀಗ್ ಆದ ಎನ್ಎಫ್ಎಲ್‌ನ ವೈದ್ಯಕೀಯ ಸಮಿತಿಯವರು ಆ ಲೇಖನ ಹಿಂಪಡೆಯಿರಿ ಎಂದರು. ಒಮಾಲು ಹಿಂಪಡೆಯಲಿಲ್ಲ. ಅವರ ಮುಂದಿನ ಪ್ರಕರಣವೂ ಸ್ಟೀಲರ್ಸ್ ತಂಡದ ಇನ್ನೊಬ್ಬ ಲೈನ್‌ಮನ್, ಟೆರ್ರಿ ಲಾಂಗ್.

2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿದ 111 ಎನ್ಎಫ್ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಇತ್ತು. ಹಾಗಂತ ಆಡಿದವರಿಗೆಲ್ಲ ಇದು ಬಂದೇ ಬರುತ್ತದೆ ಅಂತಲ್ಲ. ಮಿದುಳು ದಾನ ಮಾಡಿದ್ದರಲ್ಲಿ ಮೊದಲೇ ಅನುಮಾನ ಇದ್ದ ಮನೆಯವರೇ ಜಾಸ್ತಿ. ನನಗೆ ಇದಕ್ಕಿಂತ ತೂಕದ್ದಾಗಿ ಕಂಡಿದ್ದು 2023ರ ಅಧ್ಯಯನ. ತೀರಿಕೊಂಡ 631 ಫುಟ್ಬಾಲ್ ಆಟಗಾರರನ್ನು ಅದರಲ್ಲಿ ಹೋಲಿಸಿ ನೋಡಿದ್ದರು. ಮಿದುಳಿಗೆ ಆಘಾತ ಅಂತ ಗುರುತಾದ ಪೆಟ್ಟುಗಳ ಸಂಖ್ಯೆ ಕಾಯಿಲೆಯನ್ನು ಸರಿಯಾಗಿ ಸೂಚಿಸಲಿಲ್ಲ. ವರ್ಷಗಟ್ಟಲೆ ತಲೆಗೆ ಬಿದ್ದ ಸಣ್ಣ ದೊಡ್ಡ ಪೆಟ್ಟುಗಳೆಲ್ಲದರ ಒಟ್ಟು ಬಲ ಸೂಚಿಸಿತು. 17 ಸೀಸನ್ ಬಗ್ಗಿ ಕೂತು ಎದ್ದ ಸೆಂಟರ್‌ನ ಮಿದುಳು ಹೇಳಿದ್ದೂ ಇದನ್ನೇ ಅಲ್ವಾ?

ಬದುಕಿರುವವರಲ್ಲಿ ಈ ಕಾಯಿಲೆಯನ್ನು ಖಚಿತವಾಗಿ ಗುರುತಿಸಲು ಇವತ್ತಿಗೂ ಆಗುವುದಿಲ್ಲ. ಸತ್ತ ಮೇಲೆ ಮಿದುಳು ಕತ್ತರಿಸಿಯೇ ನೋಡಬೇಕು. ಇದರ ನಡುವೆ 2022ರಲ್ಲಿ ಎನ್ಎಫ್ಎಲ್ ಒಂದು ನಿಯಮ ತಂದಿತು. ಸೀಸನ್‌ಗೆ ಮುಂಚಿನ ತರಬೇತಿ ಶಿಬಿರದಲ್ಲಿ ಹೆಲ್ಮೆಟ್ ಮೇಲೆ ಮೆತ್ತನೆಯ ಹೊದಿಕೆ ಕಡ್ಡಾಯ. ಮೊದಲಿಗೆ ಅದು ಎಲ್ಲ ಆಟಗಾರರಿಗೂ ಬರಲಿಲ್ಲ. ಲೈನ್‌ಮನ್‌ಗಳಿಗೆ, ಮತ್ತು ಅವರ ಹಾಗೇ ಹತ್ತಿರದಲ್ಲಿ ಗುದ್ದಾಡುವ ಟೈಟ್ ಎಂಡ್, ಲೈನ್‌ಬ್ಯಾಕರ್‌ಗಳಿಗೆ ಬಂತು.