ಹೆಡ್ ಕ್ಲೀನಿಂಗ್: ಕಾಗದಕ್ಕೆ ಬಾರದ ಇಂಕಿನ ಲೆಕ್ಕ

ಇಂಕ್‌ಜೆಟ್ ಪ್ರಿಂಟರ್ ತನ್ನೊಳಗಿನ ಇಂಕನ್ನೇ ಹರಿಸಿ, ತನ್ನ ಹೆಡ್ಡನ್ನು (ಕಾಗದದ ಮೇಲೆ ಇಂಕು ಚಿಮ್ಮಿಸುವ ಭಾಗವನ್ನು) ತಾನೇ ತೊಳೆದುಕೊಳ್ಳುವ ಕೆಲಸಕ್ಕೆ ಹೆಡ್ ಕ್ಲೀನಿಂಗ್ ಅಥವಾ ಕ್ಲೀನಿಂಗ್ ಸೈಕಲ್ ಎಂದು ಹೆಸರು. ಇದಕ್ಕೆ ನೀರು ಬೇಡ, ಬಟ್ಟೆ ಬೇಡ. ಖರ್ಚಾಗುವುದು ಇಂಕು ಮಾತ್ರ, ಅದೂ ಒಂದಕ್ಷರ ಮುದ್ರಿಸದೆ. "ನಾಲ್ಕು ಹಾಳೆ ತೆಗೆದಿಲ್ಲ, ಆಗಲೇ ಇಂಕು ಖಾಲಿ" ಎನ್ನುವ ಮಾತು ಮಡಿಕೇರಿಯ ಹೋಂಸ್ಟೇಗಳಲ್ಲೂ ಗೋಣಿಕೊಪ್ಪದ ತೋಟದ ಮನೆಗಳಲ್ಲೂ ಕೇಳಿಸುತ್ತದೆ. ಬಹಳ ಸಲ ಅದಕ್ಕೆ ಉತ್ತರ ಇರುವುದು ಇಲ್ಲೇ.

ಹೆಡ್ಡಿನ ಅಡಿಯಲ್ಲಿ ನಾಝಲ್ ಎನ್ನುವ ನೂರಾರು ತೂತುಗಳಿರುತ್ತವೆ. ಒಂದೊಂದೂ ತಲೆಗೂದಲಿಗಿಂತ ಸಣ್ಣದು. ಅದರಿಂದ ಚಿಮ್ಮುವ ಹನಿಯನ್ನು ಪಿಕೊಲೀಟರ್‌ನಲ್ಲಿ ಅಳೆಯುತ್ತಾರೆ. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಎಪ್ಸನ್, ಬ್ರದರ್ ಪ್ರಿಂಟರ್‌ಗಳಲ್ಲಿ ವಿದ್ಯುತ್ ತಾಗಿದಾಗ ಬಾಗುವ ಒಂದು ಪುಟ್ಟ ತುಣುಕು ಹನಿಯನ್ನು ತಳ್ಳುತ್ತದೆ. ಎಚ್‌ಪಿ, ಕ್ಯಾನನ್‌ಗಳ ಮನೆ ಪ್ರಿಂಟರ್‌ಗಳಲ್ಲಿ ಇಂಕನ್ನು ಒಂದು ಕ್ಷಣ ಕಾಯಿಸುತ್ತಾರೆ. ಆಗ ಏಳುವ ಗುಳ್ಳೆ ಹನಿಯನ್ನು ಹೊರಗೆ ದೂಡುತ್ತದೆ. ಕ್ಯಾನನ್‌ನವರಿಗೆ ಈ ದಾರಿ ಕಂಡದ್ದು 1977ರಲ್ಲಿ. ಪ್ರಯೋಗಾಲಯದಲ್ಲಿ ಇಂಕು ತುಂಬಿದ್ದ ಸಿರಿಂಜಿನ ಸೂಜಿಗೆ ಬಿಸಿ ಸೋಲ್ಡರಿಂಗ್ ಐರನ್ ತಾಗಿತು, ಇಂಕು ಚಿಮ್ಮಿತು.

ಇಷ್ಟು ಸಣ್ಣ ತೂತಿನಲ್ಲಿ ಇಂಕು ಒಣಗಲು ಜಾಸ್ತಿ ಹೊತ್ತು ಬೇಡ. ಅದಕ್ಕೇ ಕೆಲಸ ಮುಗಿದ ಮೇಲೆ ಹೆಡ್ಡು ಒಂದು ಮೂಲೆಗೆ ಹೋಗಿ, ಅಲ್ಲಿರುವ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಬರೆದಾದ ಮೇಲೆ ಇಂಕ್ ಪೆನ್ನಿಗೆ ಕ್ಯಾಪ್ ಹಾಕುತ್ತೇವಲ್ಲ, ಹಾಗೆ. ಕ್ಲೀನಿಂಗ್ ನಡೆಯುವುದೂ ಆ ಮೂಲೆಯಲ್ಲೇ. ಮುಚ್ಚಳದ ಕೆಳಗಿನ ಪಂಪು ನಾಝಲ್‌ಗಳಿಂದ ಇಂಕನ್ನು ಎಳೆಯುತ್ತದೆ. ಒಣಗಿದ್ದು, ಗಾಳಿಗುಳ್ಳೆ, ಧೂಳು ಎಲ್ಲ ಅದರ ಜೊತೆ ಹೊರಬರುತ್ತವೆ. ಆಮೇಲೆ ಒಂದು ರಬ್ಬರ್ ಪಟ್ಟಿ ಹೆಡ್ಡನ್ನು ಒರೆಸುತ್ತದೆ. ಸಾಮಾನ್ಯವಾಗಿ ಎಲ್ಲ ಬಣ್ಣಗಳಿಂದಲೂ ಇಂಕು ಹೋಗುತ್ತದೆ. ಬರೀ ಕಪ್ಪಿನಲ್ಲಿ ಪತ್ರ ತೆಗೆಯುವ ಮನೆಯಲ್ಲೂ ಹಳದಿ, ನೀಲಿ ಖಾಲಿಯಾಗುವುದಕ್ಕೆ ಇದು ಒಂದು ಮುಖ್ಯ ಕಾರಣ.

ನಾವು ಮೆನುವಿನಲ್ಲಿ ಒತ್ತಿದಾಗ ಮಾತ್ರ ಇದು ನಡೆಯುವುದಿಲ್ಲ. ಹೊಸ ಕಾರ್ಟ್ರಿಜ್ ಹಾಕಿದಾಗ, ಬಹಳ ದಿನದ ಮೇಲೆ ಆನ್ ಮಾಡಿದಾಗ, ಪ್ರಿಂಟರ್ ತಾನಾಗಿಯೇ ಗರಗರ ಸದ್ದು ಮಾಡುತ್ತಾ ತೊಳೆದುಕೊಳ್ಳುತ್ತದೆ.

ಕೊಡಗಿನವರು ಗಮನಿಸಬೇಕಾದ ವಿಷಯ ಇಲ್ಲಿದೆ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ನಾವು ಮೊದಲು ಮಾಡುವ ಕೆಲಸ ಪ್ಲಗ್ ಕೀಳುವುದು. ಅದು ಸರಿಯೇ, ಸಿಡಿಲಿನ ಮುಂದೆ ಯಾವ ಯಂತ್ರವೂ ನಿಲ್ಲದು. ಆದರೆ ಪ್ರಿಂಟ್ ಆಗುತ್ತಿರುವಾಗಲೇ ಕಿತ್ತರೆ ಹೆಡ್ಡು ಮುಚ್ಚಳ ಸೇರದೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ನಾಝಲ್‌ಗಳು ಬಾಯಿ ತೆರೆದುಕೊಂಡೇ ಇರುತ್ತವೆ. ಮೊದಲು ಪ್ರಿಂಟರ್‌ನದೇ ಬಟನ್ ಒತ್ತಿ. ಹೆಡ್ಡು ಸರಿದು ಕೂತು ದೀಪ ಆರುವವರೆಗೆ ಕಾಯಿರಿ. ಆಮೇಲೆ ಪ್ಲಗ್ ತೆಗೆಯಿರಿ. ಕೆಲವೇ ಸೆಕೆಂಡಿನ ಮಾತು. ಕಕ್ಕಡ ತಿಂಗಳ ಮಳೆಯಲ್ಲಿ ಪ್ರಿಂಟ್ ನಡುವೆ ಕರೆಂಟ್ ಹೋದರೂ ಇದೇ ಕಥೆ. ಕರೆಂಟ್ ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಬಟನ್‌ನಿಂದಲೇ ಆಫ್ ಮಾಡಿ. ಎರಡು ಮೂರು ದಿನ ಹಾಗೇ ಬಿಟ್ಟರೆ, ಆಮೇಲೆ ಒಣಗಿದ್ದನ್ನು ಬಿಡಿಸಲು ಎಷ್ಟೋ ಇಂಕು ಸುರಿಯಬೇಕಾಗುತ್ತದೆ.

ಮಳೆಗಾಲದ ತೇವ ನಾಝಲ್‌ಗೆ ಅಷ್ಟೇನೂ ಕೆಟ್ಟದ್ದಲ್ಲ. ಅದು ಕೆಡಿಸುವುದು ಕಾಗದವನ್ನು. ಹಾಳೆ ತೇವ ಎಳೆದುಕೊಂಡು ಸುರುಳಿಯಾಗುತ್ತದೆ, ಒಟ್ಟಿಗೆ ಎರಡೆರಡು ಒಳಗೆ ಹೋಗುತ್ತವೆ, ಅಕ್ಷರ ಹಬ್ಬುತ್ತದೆ. ಇದನ್ನು ಹೆಡ್ಡಿನ ದೋಷ ಅಂದುಕೊಂಡು ಕ್ಲೀನಿಂಗ್ ಒತ್ತುವವರಿದ್ದಾರೆ. ಸುಮ್ನೆ ಇಂಕು ದಂಡ. ಕಾಗದದ ಕಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಇಂಕು ಬೇಗ ಒಣಗುವುದು ಕಾಫಿ ಕೊಯ್ಲಿನ ಹೊತ್ತಿನ ಒಣ ಗಾಳಿಯಲ್ಲಿ. ಆಗ ವಾರಕ್ಕೊಂದು ಬಣ್ಣದ ಹಾಳೆ ತೆಗೆಯುವುದು ಒಳ್ಳೆಯದು. ಒಂದು ಕ್ಲೀನಿಂಗ್‌ಗೆ ಹೋಗುವುದಕ್ಕಿಂತ ಕಡಿಮೆ ಇಂಕಿನಲ್ಲಿ ಅದು ಮುಗಿಯುತ್ತದೆ.

ಗೆರೆಗೆರೆಯಾಗಿ ಬಂದರೆ ಮೊದಲು ಒತ್ತಬೇಕಾದ್ದು ನಾಝಲ್ ಚೆಕ್, ಅಂದರೆ ಗೆರೆಗಳ ಒಂದು ಪರೀಕ್ಷಾ ಹಾಳೆ ಮುದ್ರಿಸಿ ನೋಡುವುದು. ಇದಕ್ಕೆ ಹೋಗುವ ಇಂಕು ತೀರಾ ಕಡಿಮೆ. ಗೆರೆಗಳು ತುಂಡಾಗಿದ್ದರೆ ಮಾತ್ರ ಕ್ಲೀನಿಂಗ್ ಮಾಡಿ, ಮತ್ತೆ ಚೆಕ್ ಮಾಡಿ. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ನಿಲ್ಲಿಸಿ. ಮುದ್ರಿಸದೆ ಕಾಯಿರಿ ಎಂದು ಕಂಪನಿಗಳ ಕೈಪಿಡಿಗಳೇ ಹೇಳುತ್ತವೆ. ಕೆಲವರು 12 ಗಂಟೆ ಅನ್ನುತ್ತಾರೆ, ಕೆಲವರು 24. ಅಷ್ಟು ಹೊತ್ತಿನಲ್ಲಿ ಒಣಗಿದ್ದು ನೆನೆದು ಸಡಿಲವಾಗಬಹುದು, ಗುಳ್ಳೆಗಳೂ ಕರಗಬಹುದು. ಸಿಟ್ಟಿನಲ್ಲಿ ಒಂದರ ಹಿಂದೆ ಒಂದು ಒತ್ತಿದರೆ ಇಂಕು ಹೋಗುತ್ತದೆ ಅಷ್ಟೇ. ಡೀಪ್ ಕ್ಲೀನಿಂಗ್, ಪವರ್ ಕ್ಲೀನಿಂಗ್ ಎನ್ನುವವು ಇನ್ನೂ ಹೆಚ್ಚು ಕುಡಿಯುತ್ತವೆ. ಕೊನೆಯ ದಾರಿ ಅವು.

ಇಂಕಿನ ಡಬ್ಬಿಯ ಮೇಲೆ 'ಇಷ್ಟು ಪುಟ' ಎಂದು ಬರೆದಿರುತ್ತದೆ, ಅಲ್ವಾ? ಕಾರ್ಟ್ರಿಜ್‌ಗಳಿಗೆ ಆ ಲೆಕ್ಕ ಸಾಮಾನ್ಯವಾಗಿ ಐಎಸ್‌ಒ/ಐಇಸಿ 24711 ಎಂಬ ಮಾನದಂಡದ್ದು. ಅದರಲ್ಲಿ ಗೊತ್ತಾದ ಪುಟಗಳನ್ನು ಬಿಡದೆ ಒಂದರ ಹಿಂದೆ ಒಂದು ಮುದ್ರಿಸಿ ಅಳೆಯುತ್ತಾರೆ. ತಿಂಗಳಿಗೊಮ್ಮೆ ಪಹಣಿಯೋ ಮಕ್ಕಳ ಪ್ರಾಜೆಕ್ಟೋ ತೆಗೆಯುವ ಮನೆಯ ಲೆಕ್ಕ ಅದಲ್ಲ. ನಡುವಿನ ದಿನಗಳ ತೊಳೆತ ಅದರಲ್ಲಿ ಬರುವುದಿಲ್ಲ. ಇದನ್ನು ಗ್ರಾಹಕರಿಗೆ ಡಬ್ಬಿಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಹೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ತೊಳೆದ ಇಂಕು ಪ್ರಿಂಟರ್‌ನ ತಳದಲ್ಲಿರುವ ದಪ್ಪ ಹತ್ತಿಯಂಥ ಪ್ಯಾಡ್ ಸೇರುತ್ತದೆ. ಅದಕ್ಕೂ ಒಂದು ಮಿತಿಯಿದೆ. ತುಂಬಿತು ಎಂದು ಲೆಕ್ಕಕ್ಕೆ ಬಂದಾಗ ಎಷ್ಟೋ ಪ್ರಿಂಟರ್‌ಗಳು ಕೆಲಸ ನಿಲ್ಲಿಸುತ್ತವೆ. ಕೆಲವು ಹೊಸ ಮಾದರಿಗಳಲ್ಲಿ ಮೇಂಟೆನೆನ್ಸ್ ಬಾಕ್ಸ್ ಎಂಬ ಪೆಟ್ಟಿಗೆಯನ್ನು ನಾವೇ ಬದಲಿಸಬಹುದು. ಉಳಿದವಕ್ಕೆ ಸರ್ವಿಸ್ ಸೆಂಟರೇ ಗತಿ. ಕೊಳ್ಳುವಾಗಲೇ ಇದನ್ನು ಕೇಳಿಕೊಳ್ಳಿ.

ಫೋಟೋ ಬೇಡ, ಅಪರೂಪಕ್ಕೆ ಕಪ್ಪು ಅಕ್ಷರ ಸಾಕು ಅನ್ನುವ ಮನೆಗೆ ಲೇಸರ್ ಪ್ರಿಂಟರ್ ಮೇಲು. ಅದರದು ಟೋನರ್ ಪುಡಿ, ಒಣಗುವ ಮಾತೇ ಇಲ್ಲ. ಆದರೆ ಪುಡಿಯನ್ನು ಕಾಗದಕ್ಕೆ ಅಂಟಿಸಲು ಅದು ಬಿಸಿಯಾಗಬೇಕು. ಆ ಹೊತ್ತಿಗೆ ಎಳೆಯುವ ಕರೆಂಟ್ ಜಾಸ್ತಿ. ಮಳೆಗಾಲದಲ್ಲಿ ಮನೆಯ ಸಣ್ಣ ಇನ್ವರ್ಟರ್ ಅದನ್ನು ತಡೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿಯೇ ತನ್ನಿ.