ಸೂರ್ಯನನ್ನು ಮರೆಮಾಡಿ ಸೂರ್ಯನನ್ನು ನೋಡುವುದು

1980ರ ಫೆಬ್ರುವರಿ 16ರ ಇಳಿಹೊತ್ತಿನಲ್ಲಿ ಅಂಕೋಲಾ, ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಚಂದ್ರನ ನೆರಳು ಹಾದುಹೋಯಿತು. ಬಾಗಿಲು ಕಿಟಕಿ ಮುಚ್ಚಿ, ನೀರು ತುಂಬಿದ ತಟ್ಟೆಯಲ್ಲಿ ಒನಕೆ ನಿಲ್ಲಿಸಿ ಗ್ರಹಣ ಬಿಡುವುದನ್ನೇ ಜನ ಕಾಯುತ್ತಿದ್ದ ಹೊತ್ತಿಗೆ, ಅದೇ ಸೀಮೆಯ ಬಯಲಿನಲ್ಲಿ ಬಿಡಾರ ಹೂಡಿದ್ದ ಖಗೋಳವಿಜ್ಞಾನಿಗಳು ಗ್ರಹಣ ಇನ್ನಷ್ಟು ಹೊತ್ತು ಹಿಡಿದಿರಬಾರದೇ ಎಂದು ಹಂಬಲಿಸುತ್ತಿದ್ದರು. ಪೂರ್ಣ ಕತ್ತಲೆ ಉಳಿದದ್ದು ಮೂರು ನಿಮಿಷಕ್ಕೂ ಕಡಿಮೆ. ಕಪ್ಪು ಬಿಂಬದ ಸುತ್ತ, ದೇವರ ವಿಗ್ರಹದ ಹಿಂದಿನ ಪ್ರಭಾವಳಿಯಂತೆ ಹರಡಿ ಕಾಣುವ ಬೆಳ್ಳನೆಯ ಕರೋನಾವನ್ನು ಅಷ್ಟರಲ್ಲೇ ಅಳೆದು ಮುಗಿಸಬೇಕಿತ್ತು.

ಕರೋನಾ ಎಂದರೆ ಸೂರ್ಯನ ಹೊರಗಿನ ವಾತಾವರಣ. ಅದು ಗ್ರಹಣದಲ್ಲಿ ಮಾತ್ರ ಹುಟ್ಟುವುದಿಲ್ಲ, ಸದಾ ಇರುತ್ತದೆ. ಆದರೆ ಸೂರ್ಯಬಿಂಬಕ್ಕೆ ಹೋಲಿಸಿದರೆ ಅದರ ಬೆಳಕು ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ, ಅಂದರೆ ಹುಣ್ಣಿಮೆಯ ಚಂದ್ರನಷ್ಟು. ಹಗಲಿನ ನೀಲಿ ಆಕಾಶವೇ ಅದಕ್ಕಿಂತ ಪ್ರಖರವಾಗಿರುವುದರಿಂದ ನಮಗೆ ಅದು ಕಾಣುವುದಿಲ್ಲ.

ಇಷ್ಟು ಮಂಕಾದ ಆವರಣಕ್ಕೆ ಇಷ್ಟೆಲ್ಲ ಪರಿಶ್ರಮ ಏಕೆಂದರೆ, ಅದರ ಬಿಸಿಯ ಲೆಕ್ಕ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ಒಲೆಯಿಂದ ದೂರ ಸರಿದಷ್ಟೂ ಕಾವು ತಗ್ಗಬೇಕು. ಸೂರ್ಯನಲ್ಲಿ ಹಾಗಾಗುವುದಿಲ್ಲ, ನಮಗೆ ಕಾಣುವ ಮೇಲ್ಮೈಯಲ್ಲಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇರುವ ಉಷ್ಣತೆ, ಅದರ ಮೇಲಿನ ಕರೋನಾದಲ್ಲಿ ಹತ್ತು ಲಕ್ಷ ಡಿಗ್ರಿಯನ್ನು ದಾಟುತ್ತದೆ. 1869ರ ಗ್ರಹಣದಲ್ಲಿ ಕರೋನಾದ ಬೆಳಕಿನಲ್ಲಿ ಕಂಡ ಒಂದು ಹಸಿರು ರೇಖೆ ಭೂಮಿಯ ಮೇಲೆ ಗೊತ್ತಿದ್ದ ಯಾವ ಧಾತುವಿಗೂ ಹೊಂದದೆ ಹೋದಾಗ, ಅದಕ್ಕೆ ಕಾರಣವಾದ ಹೊಸ ಧಾತುವೊಂದಿದೆಯೆಂದು ಊಹಿಸಿ ‘ಕರೋನಿಯಂ’ ಎಂದು ಹೆಸರನ್ನೂ ಇಟ್ಟಿದ್ದರು. ಅಂಥ ಧಾತು ಇರಲೇ ಇಲ್ಲ. ಅದು ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ನಮ್ಮ ಮಾಮೂಲಿ ಕಬ್ಬಿಣ ಎಂಬುದು 1940ರ ಆಸುಪಾಸಿನಲ್ಲಿ, ಭೌತವಿಜ್ಞಾನಿಗಳಾದ ಗ್ರೋಟ್ರಿಯಾನ್ ಮತ್ತು ಎಡ್ಲೆನ್ ಅವರ ಕೆಲಸದಿಂದ ತಿಳಿಯಿತು. ಕಬ್ಬಿಣವನ್ನು ಅಷ್ಟರ ಮಟ್ಟಿಗೆ ಸುಲಿಯಬೇಕಾದರೆ ಲಕ್ಷಗಟ್ಟಲೆ ಡಿಗ್ರಿಗಳ ಉಷ್ಣತೆಯೇ ಬೇಕು. ಆ ಶಾಖವನ್ನು ಕಾಂತಕ್ಷೇತ್ರದ ಅಲೆಗಳು ಮೇಲಕ್ಕೆ ಹೊತ್ತು ತರುತ್ತವೆಯೋ, ಅಸಂಖ್ಯ ಪುಟ್ಟ ಸ್ಫೋಟಗಳು ಒದಗಿಸುತ್ತವೆಯೋ ಎಂಬ ಚರ್ಚೆ ಇನ್ನೂ ನಡೆದೇ ಇದೆ.

ಗ್ರಹಣಕ್ಕಾಗಿ ಕಾಯುವ ಬದಲು ದೂರದರ್ಶಕದೊಳಗೇ ಗ್ರಹಣವನ್ನು ಉಂಟುಮಾಡುವ ಕರೋನಾಗ್ರಾಫ್ ಎಂಬ ಸಾಧನವನ್ನು 1930ರ ಸುಮಾರಿಗೆ ರೂಪಿಸಿದವರು ಫ್ರಾನ್ಸಿನ ಬರ್ನಾರ್ ಲಿಯೋ. ಅದರ ಇಂದಿನ ಭಾರತೀಯ ರೂಪವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಹೊಸಕೋಟೆಯ ಬಳಿಯ ತನ್ನ ಕೇಂದ್ರದಲ್ಲಿ ಜೋಡಿಸಿತು. ಸೂರ್ಯನನ್ನು ಗಮನಿಸಲೆಂದೇ ಇಸ್ರೋ ಕಳಿಸಿದ ಆದಿತ್ಯ-ಎಲ್1 ನೌಕೆಯ ಏಳು ಉಪಕರಣಗಳಲ್ಲಿ ಮುಖ್ಯವಾದ ಇದರ ಹೆಸರು ವೆಲ್ಕ್, ತೂಕ ಸುಮಾರು 190 ಕೆ.ಜಿ.

ವೆಲ್ಕ್‌ನ ಉಪಾಯ ನನಗೆ ತುಂಬಾ ಇಷ್ಟವಾದದ್ದು. ಮೊದಲ ಕನ್ನಡಿಯು ಸೂರ್ಯನ ಬಿಂಬವನ್ನು ಎರಡನೆಯ ಕನ್ನಡಿಯ ಮೇಲೆ ಮೂಡಿಸುತ್ತದೆ. ಆ ಎರಡನೆಯ ಕನ್ನಡಿಯ ನಟ್ಟನಡುವೆ ಒಂದು ತೂತು. ಕಣ್ಣು ಕೋರೈಸುವ ಬಿಂಬವೆಲ್ಲ ಆ ತೂತಿನಲ್ಲಿ ಇಳಿದುಹೋಗಿ, ಹಿಂದೆ ಕಾದಿರುವ ಮೂರನೆಯ ಕನ್ನಡಿಗೆ ಬಡಿದು ಉಪಕರಣದಿಂದ ಹೊರಕ್ಕೆ ಚಿಮ್ಮುತ್ತದೆ. ತೂತಿನ ಅಂಚಿನಾಚೆ ಬಿದ್ದ ಕರೋನಾದ ಬೆಳಕಷ್ಟೇ ಪ್ರತಿಫಲಿಸಿ ಮುಂದಿನ ಸೋಸುವಿಕೆಗೆ ಸಾಗುತ್ತದೆ. ಹೇಳುವುದು ಸುಲಭ. ಸಂಜೆ ಪಡುವಣಕ್ಕೆ ಮುಖಮಾಡಿ ಓಡುವ ಬಸ್ಸಿನ ಮುಂಗಾಜಿನ ಮೇಲೆ ದೂಳಿನ ಕಣಗಳೇ ಝಗ್ಗನೆ ಹೊಳೆದು ರಸ್ತೆ ಕಾಣದಂತಾಗುವುದನ್ನು ನೋಡಿದವರಿಗೆ, ಮೊದಲ ಕನ್ನಡಿಯ ಮೇಲೆ ಒಂದು ಗೀರು, ಒಂದು ಚೂರು ದೂಳು ಕೂತರೂ ಚದುರುವ ಬೆಳಕು ಕರೋನಾವನ್ನು ನುಂಗಿಬಿಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದಲೇ ಕನ್ನಡಿಯನ್ನು ಅತಿ ನುಣುಪಾಗಿ ಉಜ್ಜಿ, ದೂಳು ಸುಳಿಯದ ಕೋಣೆಗಳಲ್ಲಿ ಇಡೀ ಉಪಕರಣವನ್ನು ಜೋಡಿಸಬೇಕಾಯಿತು.

2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ 2024ರ ಜನವರಿ 6ರಂದು ತನ್ನ ಕಕ್ಷೆಯನ್ನು ಸೇರಿತು. ನೌಕೆ ಸೂರ್ಯನ ಹತ್ತಿರಕ್ಕೇ ಹೋಗಿದೆ ಎಂಬಂತೆ ಟಿ.ವಿ.ಯಲ್ಲಿ ಹೇಳಿದ್ದನ್ನು ಕೇಳಿದವರು ಒಂದು ಲೆಕ್ಕ ನೋಡಬೇಕು: ಅದು ಇರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ, ಸೂರ್ಯನವರೆಗಿನ ದಾರಿಯ ನೂರರಲ್ಲಿ ಒಂದು ಭಾಗದಷ್ಟು ಮಾತ್ರ. ಅಲ್ಲಿಗೆ ಹೋದದ್ದು ಬೇರೆ ಕಾರಣಕ್ಕೆ. ಸೂರ್ಯನಿಗೆ ಹತ್ತಿರವಾದಷ್ಟೂ ಸುತ್ತುವ ವೇಗ ಹೆಚ್ಚುವುದರಿಂದ, ಭೂಮಿಗಿಂತ ಒಳಗಿರುವ ನೌಕೆ ಭೂಮಿಯನ್ನು ಹಿಂದಿಕ್ಕಿ ಹೋಗಬೇಕು. ಆದರೆ ಎಲ್1 ಬಿಂದುವಿನಲ್ಲಿ ಭೂಮಿಯ ಸೆಳೆತವು ಸೂರ್ಯನ ಸೆಳೆತವನ್ನು ಬೇಕಾದಷ್ಟೇ ತಗ್ಗಿಸುವುದರಿಂದ, ನೌಕೆಯೂ ಸರಿಯಾಗಿ ಒಂದು ವರ್ಷಕ್ಕೊಮ್ಮೆ ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತುತ್ತದೆ. ಆ ಬಿಂದುವಿನ ಸುತ್ತ 178 ದಿನಕ್ಕೊಮ್ಮೆ ಬಳಸುವ ಆದಿತ್ಯನಿಗೆ ರಾತ್ರಿಯಿಲ್ಲ, ಮೋಡವಿಲ್ಲ, ಭೂಮಿಯ ನೆರಳೂ ಅಡ್ಡ ಬರುವುದಿಲ್ಲ. ಆದರೆ ಆ ಸಮತೋಲ ನೆಟ್ಟಗೆ ನಿಲ್ಲಿಸಿದ ಕೋಲಿನಂಥದ್ದು. ಆಗಾಗ ಎಂಜಿನ್ ಉರಿಸಿ ತಿದ್ದದಿದ್ದರೆ ನೌಕೆ ಜಾರುತ್ತದೆ.

2024ರ ಮೇ ತಿಂಗಳಲ್ಲಿ, ಕರೋನಾದಿಂದ ಸಿಡಿದ ದ್ರವ್ಯದ ಮೋಡಗಳು ಒಂದರ ಹಿಂದೊಂದು ಬಂದು ಅಪ್ಪಳಿಸಿ, ಭೂಮಿಯ ಕಾಂತಕ್ಷೇತ್ರವನ್ನು ಕಲಕುವ, ಎರಡು ದಶಕಗಳಲ್ಲೇ ಪ್ರಬಲವಾದ ಭೂಕಾಂತೀಯ ಬಿರುಗಾಳಿ ಎದ್ದಾಗ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪೇರಿತ್ತು. ನೋಟ ಸೊಗಸೇ, ಆದರೆ 1989ರ ಮಾರ್ಚ್‌ನಲ್ಲಿ ಇಂಥದ್ದೇ ಬಿರುಗಾಳಿ ವಿದ್ಯುತ್ ಜಾಲವನ್ನು ಕೆಡಿಸಿ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿ ಕೂರಿಸಿತ್ತು. ಈ ಮೋಡಗಳು ಭೂಮಿಯನ್ನು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತವೆ. ಯಾವ ಗಳಿಗೆಯಲ್ಲಿ, ಯಾವ ದಿಕ್ಕಿಗೆ ಹೊರಟವು ಎಂಬುದು ಬುಡದಲ್ಲೇ ತಿಳಿದರೆ ಮುನ್ಸೂಚನೆ ಅಷ್ಟು ಗಟ್ಟಿಯಾಗುತ್ತದೆ. ವೆಲ್ಕ್‌ನ ಹೆಚ್ಚುಗಾರಿಕೆ ಇರುವುದು ಇಲ್ಲೇ. ಸೂರ್ಯನ ಕೇಂದ್ರದಿಂದ ಅದರ ತ್ರಿಜ್ಯದ 1.05 ಪಟ್ಟು ದೂರದಿಂದಲೇ ಶುರುಮಾಡಿ, ಅಂದರೆ ಬಿಂಬದ ಅಂಚಿಗೆ ಬಹುತೇಕ ತಾಗಿದಂತೆಯೇ ಅದು ನೋಡಬಲ್ಲದು. 2024ರ ಜುಲೈ 16ರ ಸಿಡಿತವೊಂದು ಆರಂಭವಾದ ಹೊತ್ತನ್ನು ವಿಜ್ಞಾನಿಗಳು ಗುರುತಿಸಿದ್ದು ಅದರ ಅಳತೆಗಳಿಂದಲೇ.

ಇದೇ ಕೆಲಸಕ್ಕೆ ಯುರೋಪಿನವರು ಹಿಡಿದ ದಾರಿ ಬೇರೆ. 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದಲೇ, ನಮ್ಮ ಪಿಎಸ್‌ಎಲ್‌ವಿಯಲ್ಲಿ ಹಾರಿದ ಪ್ರೋಬಾ-3 ಒಂದು ನೌಕೆಯಲ್ಲ, ಜೋಡಿ. ಒಂದು ನೌಕೆ 1.4 ಮೀಟರ್ ಅಗಲದ ತಟ್ಟೆಯನ್ನು ಅಡ್ಡ ಹಿಡಿದರೆ, 150 ಮೀಟರ್ ಹಿಂದಿನ ಇನ್ನೊಂದು ಅದರ ನೆರಳಿನಲ್ಲಿ ಕೂತು ಕರೋನಾವನ್ನು ನೋಡುತ್ತದೆ. ತಟ್ಟೆ ಅಷ್ಟು ದೂರವಿದ್ದಷ್ಟೂ ಅದರ ಅಂಚಿನಲ್ಲಿ ಬಾಗಿ ಒಳನುಸುಳುವ ಬೆಳಕಿನ ಕಾಟ ಕಡಿಮೆ. ಆದರೆ ಎರಡೂ ನೌಕೆಗಳು ತಮ್ಮ ನಡುವಿನ ಅಂತರವನ್ನು ಮಿಲಿಮೀಟರಿನ ಲೆಕ್ಕದಲ್ಲಿ ಕಾಯ್ದುಕೊಳ್ಳಬೇಕು. ಹತ್ತೊಂಬತ್ತೂವರೆ ಗಂಟೆಗಿಂತ ತುಸು ಹೆಚ್ಚು ಹಿಡಿಯುವ ಒಂದು ಸುತ್ತಿನಲ್ಲಿ ಆರು ಗಂಟೆಯವರೆಗೂ ಅವು ಹೀಗೆ ಗ್ರಹಣ ಹಿಡಿದು ನಿಲ್ಲಬಲ್ಲವು.